ಬ್ಲಾಕ್ ಕೊಂಡರೆ ಸಾಲದು, ಅಳೆಯಬೇಕು: ವೇಗದ ಎಂಜಿನ್ನಿನ ಹಿಂದಿನ ಲೆಕ್ಕ

ಬೆಂಗಳೂರು: ಅಟ್ಟೂರು ಬಡಾವಣೆಯಿಂದ ಯಲಹಂಕ ಉಪನಗರದತ್ತ ಸಾಗುವ ರಸ್ತೆಗಳಲ್ಲಿ ಹಳೆಯ ಯಮಹಾ ಆರ್‌ಎಕ್ಸ್ 100ರ ಸದ್ದು ಕೇಳಿಬಂದರೆ ಇಂದಿಗೂ ತಿರುಗಿ ನೋಡದವರು ಕಡಿಮೆ. 1985ರಲ್ಲಿ ಮಾರುಕಟ್ಟೆಗೆ ಬಂದ ಈ ಬೈಕಿನ ತಯಾರಿಕೆ ನಿಂತದ್ದು 1996ರಲ್ಲಿ. ಮೈಸೂರಿನ ಹೆಮ್ಮೆಯಾಗಿದ್ದ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿದ್ದೂ ಅದೇ ವರ್ಷ. ಕಾರ್ಖಾನೆಗಳ ಬಾಗಿಲು ಮುಚ್ಚಿದರೂ ಗಾಡಿಗಳ ಮೇಲಿನ ಮೋಹ ಮುಗಿಯಲಿಲ್ಲ. ಅವುಗಳ ಎಂಜಿನ್ ಸವೆದಾಗ ಹಾಕಲು, ಅಥವಾ ಅವುಗಳಿಂದ ಇನ್ನಷ್ಟು ವೇಗ ತೆಗೆಯಲು, ಮೂಲ ಕಂಪನಿಯದಲ್ಲದ ಬ್ಲಾಕುಗಳ ದೊಡ್ಡ ವ್ಯಾಪಾರವೇ ಬೆಳೆದು ನಿಂತಿದೆ.

ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಿಂದಲೋ ಅಂತರಜಾಲದ ಮಳಿಗೆಯಿಂದಲೋ ಪೆಟ್ಟಿಗೆಯಲ್ಲಿ ಬರುವ ಹೊಸ ಬ್ಲಾಕ್ ನೋಡಲು ಹೊಳೆಯುತ್ತಿರುತ್ತದೆ. ಅದನ್ನು ಹಾಗೆಯೇ ಕೂರಿಸಿ, ಪಿಸ್ಟನ್ ಇಳಿಸಿ, ಗಾಡಿ ಚಾಲೂ ಮಾಡಿದರೆ ಆಯಿತು ಎಂದು ಭಾವಿಸುವ ಯುವಕರು ಬಹಳ. ಆದರೆ ವಾಸ್ತವ ಬೇರೆಯೇ ಇದೆ. ಹೊರಗಿನ ಬ್ಲಾಕ್ ಎಂಬುದು ಸಿದ್ಧ ವಸ್ತುವಲ್ಲ. ಅರ್ಧ ಮುಗಿದ ಕೆಲಸ. ಉಳಿದರ್ಧವನ್ನು ಮುಗಿಸುವುದು ಬೋರಿಂಗ್ ಯಂತ್ರ, ಹೋನಿಂಗ್ ಕಲ್ಲು ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಅಳತೆಯ ಉಪಕರಣಗಳು. ಆ ಅರ್ಧವನ್ನು ಬಿಟ್ಟವರು ಕೆಲವೊಮ್ಮೆ ಹಣ ಕಳೆದುಕೊಳ್ಳುತ್ತಾರೆ. ಕೆಲವೊಮ್ಮೆ ಅದಕ್ಕಿಂತ ದೊಡ್ಡದನ್ನೇ ಪಣಕ್ಕಿಡುತ್ತಾರೆ.

ಬ್ಲಾಕ್ ಎಂದರೇನು?

ಕಾರಿನ ವಿಷಯದಲ್ಲಿ ಬ್ಲಾಕ್ ಎಂದರೆ ಎಂಜಿನ್ನಿನ ಇಡೀ ಎರಕದ ಒಡಲು. ಸಿಲಿಂಡರುಗಳು, ಕ್ರ್ಯಾಂಕ್ ಕೂರುವ ಬೇರಿಂಗ್ ಸ್ಥಾನಗಳು, ಎಣ್ಣೆ ಮತ್ತು ನೀರು ಹರಿಯುವ ದಾರಿಗಳು ಎಲ್ಲವೂ ಅದರೊಳಗೇ ಇರುತ್ತವೆ. ಬೈಕಿನ ಮೆಕ್ಯಾನಿಕ್‌ಗಳ ಬಾಯಲ್ಲಿ ಮಾತ್ರ ಬ್ಲಾಕ್ ಎಂದರೆ ಪಿಸ್ಟನ್ ಓಡಾಡುವ ಸಿಲಿಂಡರ್ ಅಷ್ಟೇ. 'ಗಾಡಿ ಬೋರಿಗೆ ಬಂದಿದೆ' ಎಂದು ಅವರು ಹೇಳಿದರೆ ಸಿಲಿಂಡರಿನ ಒಳಗೋಡೆ ಸವೆದು ದುಂಡುತನ ಕಳೆದುಕೊಂಡಿದೆ, ಅದನ್ನು ಮತ್ತೆ ಕೊರೆದು ದೊಡ್ಡ ಪಿಸ್ಟನ್ ಹಾಕಬೇಕಾಗಿದೆ ಎಂದರ್ಥ.

ಸಾಮಾನ್ಯವಾಗಿ ದೊಡ್ಡ ಅಳತೆಯ ಪಿಸ್ಟನ್‌ಗಳು 0.25, 0.50, 0.75 ಮತ್ತು 1 ಮಿ.ಮೀ. ಹೆಚ್ಚಳದಲ್ಲಿ ದೊರೆಯುತ್ತವೆ. ಪ್ರತಿ ಬಾರಿ ಬೋರ್ ಮಾಡಿಸಿದಾಗಲೂ ಗೋಡೆ ತೆಳುವಾಗುತ್ತ ಹೋಗುತ್ತದೆ. ಕೊನೆಗೊಂದು ದಿನ ಕೊರೆಯಲು ಲೋಹವೇ ಉಳಿಯುವುದಿಲ್ಲ. ಆಗ ಉಳಿಯುವ ದಾರಿ ಎರಡು: ಹಳೆಯ ಬ್ಲಾಕಿಗೆ ಹೊಸ ಲೈನರ್ ಹಾಕಿಸುವುದು, ಇಲ್ಲವೇ ಹೊರಗಿನ ಬ್ಲಾಕ್ ತರುವುದು.

ಶಕ್ತಿ ಹೆಚ್ಚಿಸಬೇಕೆನ್ನುವವರಿಗೆ ಹೊರಗಿನ ಬ್ಲಾಕ್ ಬೇಕಾಗುವ ಕಾರಣ ಬೇರೆ. ಕಂಪನಿಯ ಬ್ಲಾಕಿನ ಗೋಡೆಯ ದಪ್ಪ ಕಂಪನಿ ಉದ್ದೇಶಿಸಿದ ಶಕ್ತಿಗೆ ತಕ್ಕಷ್ಟೇ ಇರುತ್ತದೆ. ಅದಕ್ಕಿಂತ ಹೆಚ್ಚಿನ ಒತ್ತಡ ಬಿದ್ದಾಗ ಗೋಡೆ ಉಬ್ಬುತ್ತದೆ, ಬಿರುಕು ಬಿಡುತ್ತದೆ. ಅಮೆರಿಕದಲ್ಲಿ 1955ರಲ್ಲಿ ಬಂದ ಷೆವರ್ಲೆಯ ಪ್ರಸಿದ್ಧ ವಿ-8 ಎಂಜಿನ್ನಿಗೆ ಇಂದು ಬೇರೆ ಕಂಪನಿಗಳು ದಪ್ಪ ಗೋಡೆಯ, ಗಟ್ಟಿ ಬೇರಿಂಗ್ ಕ್ಯಾಪ್‌ಗಳ ಬ್ಲಾಕುಗಳನ್ನು ಎರಕ ಹೊಯ್ಯುತ್ತವೆ. ಗಮನಿಸಬೇಕಾದ ಸಂಗತಿಯೆಂದರೆ, ಅಂಥ ಬ್ಲಾಕುಗಳನ್ನು ಬೇಕೆಂದೇ ಅಂತಿಮ ಅಳತೆಗಿಂತ ಕೊಂಚ ಕಿರಿದಾದ ರಂಧ್ರದೊಂದಿಗೆ ಮಾರಲಾಗುತ್ತದೆ. ಕೊನೆಯ ಹೋನಿಂಗ್ ಕೊಂಡವರ ಹೊಣೆ. ಪಿಸ್ಟನ್ ಕೈಗೆ ಬಂದು, ಅದನ್ನು ಅಳೆದ ಮೇಲೆಯೇ ರಂಧ್ರದ ಅಳತೆ ನಿರ್ಧಾರವಾಗಬೇಕು ಎಂಬುದು ಅದರ ಹಿಂದಿನ ತರ್ಕ.

ಎರಡು ಮಿಲಿಮೀಟರಿನ ಲೆಕ್ಕ

ಆರ್‌ಎಕ್ಸ್ 100ರ ಸಿಲಿಂಡರಿನ ವ್ಯಾಸ 50 ಮಿ.ಮೀ., ಪಿಸ್ಟನ್ನಿನ ಓಟವೂ 50 ಮಿ.ಮೀ. ಗುಣಿಸಿದರೆ ಬರುವ ಗಾತ್ರ 98 ಸಿ.ಸಿ. ವ್ಯಾಸವನ್ನು 52 ಮಿ.ಮೀ.ಗೆ ಏರಿಸಿದರೆ ಗಾತ್ರ 106 ಸಿ.ಸಿ. ಆಗುತ್ತದೆ. ವ್ಯಾಸ ಹೆಚ್ಚಿದ್ದು ನೂರಕ್ಕೆ ನಾಲ್ಕರಷ್ಟು, ಗಾತ್ರ ಹೆಚ್ಚಿದ್ದು ಎಂಟರಷ್ಟು. ವ್ಯಾಸದ ವರ್ಗದ ಪ್ರಮಾಣದಲ್ಲಿ ಗಾತ್ರ ಬೆಳೆಯುವುದೇ ಇದಕ್ಕೆ ಕಾರಣ. ರ್‍ಯಾಲಿ ಚಾಲಕರ ಅಚ್ಚುಮೆಚ್ಚಿನದಾಗಿದ್ದ ಮಾರುತಿ ಜಿಪ್ಸಿಯ 1298 ಸಿ.ಸಿ. ಎಂಜಿನ್ನಿನಲ್ಲಿಯೂ ಇದೇ ಲೆಕ್ಕ. 74 ಮಿ.ಮೀ. ವ್ಯಾಸವನ್ನು 75ಕ್ಕೆ ಏರಿಸಿದರೆ ನಾಲ್ಕು ಸಿಲಿಂಡರುಗಳ ಒಟ್ಟು ಗಾತ್ರ ಸುಮಾರು 1334 ಸಿ.ಸಿ. ತಲುಪುತ್ತದೆ.

ಆದರೆ ಬೆಲೆ ತೆರದೆ ಬರುವ ಶಕ್ತಿ ಯಾವುದೂ ಇಲ್ಲ. ಆರ್‌ಎಕ್ಸ್ 100 ತನ್ನ ಗರಿಷ್ಠ ಶಕ್ತಿಯನ್ನು ಕೊಡುವುದು ನಿಮಿಷಕ್ಕೆ 7,500 ಸುತ್ತುಗಳಲ್ಲಿ. ಅದನ್ನು 10,000 ಸುತ್ತುಗಳಿಗೆ ಒಯ್ದರೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 12.5 ಮೀಟರಿನಿಂದ 16.7 ಮೀಟರಿಗೆ ಏರುತ್ತದೆ. ವೇಗ ಏರಿದ್ದು ಮೂರನೇ ಒಂದು ಭಾಗ ಮಾತ್ರ; ಆದರೆ ಪಿಸ್ಟನ್, ಕನೆಕ್ಟಿಂಗ್ ರಾಡ್‌ಗಳ ಮೇಲೆ ಬೀಳುವ ಎಳೆತ ಮುಕ್ಕಾಲು ಪಾಲಿಗಿಂತಲೂ ಹೆಚ್ಚುತ್ತದೆ. ಮೊದಲು ಸಹಿಸಿಕೊಂಡು ಹೋಗುತ್ತಿದ್ದ ಸಣ್ಣ ದೋಷಗಳು ಈ ಹಂತದಲ್ಲಿ ದೊಡ್ಡ ಅನಾಹುತಗಳಾಗುತ್ತವೆ.

ಕೊರೆಯುವ ಮುನ್ನ ತಪಾಸಣೆ

ಬಲ್ಲ ಕಸಬುದಾರರು ಹೊಸ ಬ್ಲಾಕನ್ನು ಯಂತ್ರಕ್ಕೆ ಏರಿಸುವ ಮೊದಲು ಅನುಮಾನದ ಕಣ್ಣಿನಿಂದಲೇ ನೋಡುತ್ತಾರೆ. ಮೊದಲ ಕೆಲಸ ತೊಳೆಯುವುದು. ಎರಕದ ಮರಳಿನ ಕಣಗಳು ಎಣ್ಣೆ ಮತ್ತು ನೀರಿನ ದಾರಿಗಳಲ್ಲಿ ಸಿಕ್ಕಿಕೊಂಡಿರುವುದುಂಟು. ಚೂಪಾದ ಅಂಚುಗಳನ್ನು ಅರದಿಂದ ಉಜ್ಜಿ ಮೊಂಡಾಗಿಸಬೇಕು. ಬಿರುಕುಗಳು ಹುಟ್ಟುವುದು ಸಾಮಾನ್ಯವಾಗಿ ಅಂಥ ಅಂಚುಗಳಲ್ಲೇ.

ಎರಡನೆಯದು ಬಿರುಕಿನ ಪರೀಕ್ಷೆ. ಬೀಡು ಕಬ್ಬಿಣದ ಬ್ಲಾಕಾದರೆ ಅದನ್ನು ಕಾಂತೀಯಗೊಳಿಸಿ ಕಬ್ಬಿಣದ ನುಣ್ಣನೆಯ ಪುಡಿ ಹರಡುತ್ತಾರೆ. ಬಿರುಕಿದ್ದಲ್ಲಿ ಪುಡಿ ಗೆರೆಯಾಗಿ ಕೂಡಿಕೊಳ್ಳುತ್ತದೆ. ಅಲ್ಯೂಮಿನಿಯಂ ಕಾಂತಕ್ಕೆ ಒಲಿಯದ ಕಾರಣ ಬಣ್ಣದ ದ್ರವ ಬಳಿದು, ಒರೆಸಿ, ಬಿರುಕಿನೊಳಗೆ ಇಳಿದ ಬಣ್ಣ ಮತ್ತೆ ಹೊರಬರುವುದನ್ನು ನೋಡಲಾಗುತ್ತದೆ.

ಮೂರನೆಯದು ಗೋಡೆಯ ದಪ್ಪ. ಎರಕ ಹೊಯ್ಯುವಾಗ ಒಳಗಿನ ಮರಳಿನ ಅಚ್ಚು ಒಂದಿಷ್ಟು ಸರಿದಿದ್ದರೂ ಗೋಡೆ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಆಗುತ್ತದೆ. ಹೊರನೋಟಕ್ಕೆ ಇದು ತಿಳಿಯದು. ಕಾರಿನ ಬ್ಲಾಕುಗಳಿಗೆ ಶ್ರವಣಾತೀತ ಧ್ವನಿಯ ಉಪಕರಣದಿಂದ ಸಿಲಿಂಡರಿನ ಸುತ್ತ ಹಲವು ಕಡೆ ದಪ್ಪ ಅಳೆಯುವ ಪದ್ಧತಿಯಿದೆ. ತೆಳು ಬದಿಯ ಅಳತೆಯೇ ಎಷ್ಟು ಕೊರೆಯಬಹುದು ಎಂಬುದನ್ನು ನಿರ್ಧರಿಸುತ್ತದೆ, ದಪ್ಪ ಬದಿಯದ್ದಲ್ಲ.

ಆಮೇಲೆ ನೋಡಬೇಕಾದ್ದು ನೇರ. ಬೈಕಿನ ಸಿಲಿಂಡರು ತನ್ನ ಪೀಠಕ್ಕೆ ಕರಾರುವಾಕ್ಕಾಗಿ ಲಂಬವಾಗಿರಬೇಕು. ಕಾರಿನ ಬ್ಲಾಕಿನಲ್ಲಿ ಬೇರಿಂಗ್ ಸ್ಥಾನಗಳೆಲ್ಲ ಒಂದೇ ಸಾಲಿನಲ್ಲಿದ್ದು, ಹೆಡ್ ಕೂರುವ ಮೇಲ್ಮೈ ಕ್ರ್ಯಾಂಕಿನ ಅಕ್ಷಕ್ಕೆ ಸಮಾನಾಂತರವಾಗಿರಬೇಕು. ಹಾಗಿಲ್ಲದಿದ್ದರೆ ಬೇರಿಂಗ್ ಸಾಲನ್ನು ಹೋನಿಂಗ್ ಮಾಡಿ, ಮೇಲ್ಮೈಯನ್ನು ಸಮತಟ್ಟಾಗಿ ಕೆತ್ತಬೇಕು. ಇದೆಲ್ಲ ಮುಗಿಯುವ ಮುನ್ನ ಸಿಲಿಂಡರ್ ಕೊರೆದರೆ ತಳಪಾಯ ವಾರೆಯಾಗಿರುವ ಮನೆಗೆ ಗೋಡೆ ಎಬ್ಬಿಸಿದಂತೆ.

ಬೋರಿಂಗ್ ಒಂದು, ಹೋನಿಂಗ್ ಇನ್ನೊಂದು

ಬೋರಿಂಗ್ ಯಂತ್ರದ ಹರಿತವಾದ ಮೊನೆ ಲೋಹವನ್ನು ಕೆತ್ತಿ ರಂಧ್ರವನ್ನು ದೊಡ್ಡದು ಮಾಡುತ್ತದೆ, ಅದರ ನೇರವನ್ನು ಸರಿಪಡಿಸುತ್ತದೆ. ಆದರೆ ಅಂತಿಮ ಅಳತೆ ಅದರ ಕೆಲಸವಲ್ಲ. 0.05ರಿಂದ 0.1 ಮಿ.ಮೀ.ನಷ್ಟು ಲೋಹವನ್ನು ಬಿಟ್ಟು ಅದು ನಿಲ್ಲಬೇಕು. ಕೆತ್ತನೆಯ ಮೊನೆ ಹರಿದು ಹೋದಲ್ಲಿ ಮೇಲ್ಮೈ ಚಿಂದಿಯಾಗಿರುತ್ತದೆ. ಆ ಪದರವನ್ನು ಹೋನಿಂಗ್ ಕಲ್ಲುಗಳು ಉಜ್ಜಿ ತೆಗೆಯುತ್ತವೆ.

ಹೋನಿಂಗ್ ಕಲ್ಲುಗಳು ತಿರುಗುತ್ತಲೇ ಮೇಲೆ ಕೆಳಗೆ ಓಡಾಡುವುದರಿಂದ ಗೋಡೆಯ ಮೇಲೆ ಒಂದನ್ನೊಂದು ಹಾಯುವ ಸೂಕ್ಷ್ಮ ಗೀರುಗಳು ಮೂಡುತ್ತವೆ. 45 ಡಿಗ್ರಿಯ ಆಸುಪಾಸಿನ ಕೋನದಲ್ಲಿ ಮೂಡುವ ಈ ಜಾಲರಿ ಅಂದಕ್ಕಾಗಿ ಇರುವುದಲ್ಲ. ಗೀರುಗಳ ತಳದಲ್ಲಿ ಎಣ್ಣೆ ನಿಲ್ಲುತ್ತದೆ, ಮೇಲಿನ ಸಮತಟ್ಟು ಭಾಗದ ಮೇಲೆ ರಿಂಗು ಜಾರುತ್ತದೆ. ಕನ್ನಡಿಯಂತೆ ನುಣುಪಾದ ಗೋಡೆಯಲ್ಲಿ ಎಣ್ಣೆ ನಿಲ್ಲದು, ರಿಂಗು ಹೊಂದಿಕೊಳ್ಳದು. ತೀರ ಒರಟಾದರೆ ರಿಂಗೇ ಸವೆದುಹೋಗುತ್ತದೆ.

ಇಲ್ಲಿ ಬಹುತೇಕರು ಮರೆಯುವ ಸಂಗತಿಯೊಂದಿದೆ. ಹೆಡ್ಡಿನ ಬೋಲ್ಟುಗಳನ್ನು ಬಿಗಿದಾಗ ಸಿಲಿಂಡರು ಒಂದಿಷ್ಟು ಸೊಟ್ಟಗಾಗುತ್ತದೆ. ಬಿಚ್ಚಿಟ್ಟಾಗ ದುಂಡಗಿದ್ದ ರಂಧ್ರ ಜೋಡಿಸಿದ ಮೇಲೆ ದುಂಡಗಿರುವುದಿಲ್ಲ. ಆದ್ದರಿಂದ ರೇಸಿಂಗ್ ಎಂಜಿನ್ ಕಟ್ಟುವವರು ಹೆಡ್ಡಿನ ಜಾಗದಲ್ಲಿ ದಪ್ಪನೆಯ ಲೋಹದ ತಟ್ಟೆಯೊಂದನ್ನು ಅಷ್ಟೇ ಬಿಗಿಯಲ್ಲಿ ಕೂರಿಸಿ, ಆ ಒತ್ತಡದಲ್ಲೇ ಹೋನಿಂಗ್ ಮಾಡುತ್ತಾರೆ. ಟಾರ್ಕ್ ಪ್ಲೇಟ್ ಎಂದು ಕರೆಯಲಾಗುವ ಈ ತಟ್ಟೆ ಇದೆಯೇ ಇಲ್ಲವೇ ಎಂಬುದರಿಂದಲೇ ಒಂದು ಬೋರಿಂಗ್ ಶಾಪಿನ ಮಟ್ಟವನ್ನು ಅಳೆಯಬಹುದು.

ಹೊಸ ಬೈಕುಗಳಲ್ಲಿ ಕಬ್ಬಿಣದ ಲೈನರ್ ಬದಲು ಅಲ್ಯೂಮಿನಿಯಂ ಗೋಡೆಗೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ಗಟ್ಟಿ ಲೇಪನ ಕೊಟ್ಟಿರುವುದುಂಟು. ಅಂಥ ಬ್ಲಾಕಿಗೆ ಹಳೆಯ ಪದ್ಧತಿಯ ಬೋರಿಂಗ್ ಸಲ್ಲದು. ಲೇಪನ ಕೆತ್ತಿಹೋದರೆ ಉಳಿಯುವ ಮೆತ್ತನೆಯ ಅಲ್ಯೂಮಿನಿಯಂ ರಿಂಗಿನ ಉಜ್ಜಾಟಕ್ಕೆ ಹೆಚ್ಚು ಕಾಲ ತಾಳುವುದಿಲ್ಲ. ಮತ್ತೆ ಲೇಪನ ಮಾಡಿಸಿ ವಜ್ರದ ಕಣಗಳ ಕಲ್ಲಿನಿಂದ ಹೋನಿಂಗ್ ಮಾಡಬೇಕು, ಇಲ್ಲವೇ ಬ್ಲಾಕನ್ನೇ ಬದಲಿಸಬೇಕು.

ಕೂದಲೆಳೆಗಿಂತ ಕಿರಿದಾದ ಅಂತರ

ಇಷ್ಟೆಲ್ಲ ಶ್ರಮದ ಗುರಿ ಒಂದೇ: ಪಿಸ್ಟನ್ನಿಗೂ ಗೋಡೆಗೂ ನಡುವೆ ಸರಿಯಾದ ಅಂತರ. 100 ಸಿ.ಸಿ. ಆಸುಪಾಸಿನ ಎಂಜಿನ್ನಿನಲ್ಲಿ ಅದು ಸುಮಾರು 0.04 ಮಿ.ಮೀ. ಮನುಷ್ಯನ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಅಂತರ ಹೆಚ್ಚಾದರೆ ಪಿಸ್ಟನ್ ಅಲ್ಲಾಡಿ ಸದ್ದು ಮಾಡುತ್ತದೆ, ಶಕ್ತಿ ಸೋರುತ್ತದೆ. ಕಡಿಮೆಯಾದರೆ ಬಿಸಿಯೇರಿದ ಪಿಸ್ಟನ್ ಹಿಗ್ಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಎಂಜಿನ್ ಸೀಜ್ ಆಗುವುದು ಎಂದರೆ ಇದೇ.

ಹಿಗ್ಗುವಿಕೆ ಎಂಜಿನ್ನಿನೊಳಗೆ ಮಾತ್ರ ನಡೆಯುವುದಿಲ್ಲ. ಅಳೆಯುವ ಮೇಜಿನ ಮೇಲೂ ನಡೆಯುತ್ತದೆ. ಉದ್ದದ ಅಳತೆಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಮಧ್ಯಾಹ್ನ ತಗಡಿನ ಮಾಡಿನ ಶೆಡ್ಡಿನಲ್ಲಿ 50 ಮಿ.ಮೀ.ನ ಅಲ್ಯೂಮಿನಿಯಂ ಪಿಸ್ಟನ್ 10 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಅದು 0.01 ಮಿ.ಮೀ.ಗಿಂತ ಹೆಚ್ಚು ಹಿಗ್ಗಿರುತ್ತದೆ. ಬೀಡು ಕಬ್ಬಿಣದ ಲೈನರ್ ಹಿಗ್ಗುವುದು ಅದರ ಅರ್ಧದಷ್ಟು ಮಾತ್ರ. ಇರಬೇಕಾದ ಅಂತರವೇ 0.04 ಮಿ.ಮೀ. ಆಗಿರುವಾಗ ಈ ವ್ಯತ್ಯಾಸವನ್ನು ಕಡೆಗಣಿಸುವಂತಿಲ್ಲ. ಬ್ಲಾಕ್, ಪಿಸ್ಟನ್ ಮತ್ತು ಅಳೆಯುವ ಸಾಧನ ಮೂರನ್ನೂ ಒಂದೇ ಕಡೆ ಕೆಲವು ಗಂಟೆ ಇಟ್ಟು ತಣಿಸಿ ಅಳೆಯುವುದು ಸರಿಯಾದ ಕ್ರಮ. ಹೋನಿಂಗ್ ಮುಗಿಸಿದ ಕೂಡಲೇ ಬಿಸಿಯಿರುವಾಗಲೇ ಅಳೆದದ್ದು ಲೆಕ್ಕಕ್ಕೆ ಬಾರದು.

ಪಿಸ್ಟನ್ನಿನ ಲೋಹವೂ ಮುಖ್ಯ. ಬಡಿದು ರೂಪಿಸಿದ ಫೋರ್ಜ್ಡ್ ಪಿಸ್ಟನ್ ಎರಕದ್ದಕ್ಕಿಂತ ಗಟ್ಟಿ, ಆದರೆ ಸಾಮಾನ್ಯವಾಗಿ ಹೆಚ್ಚು ಹಿಗ್ಗುವಂಥದ್ದು. ಅದಕ್ಕೆ ಹೆಚ್ಚಿನ ಅಂತರ ಬೇಕು. ಎರಕದ ಪಿಸ್ಟನ್ನಿನ ಅಳತೆಗೆ ಫೋರ್ಜ್ಡ್ ಪಿಸ್ಟನ್ ಕೂರಿಸಿದರೆ ಮೊದಲ ಓಟದಲ್ಲೇ ಕಚ್ಚಿಕೊಳ್ಳುವ ಅಪಾಯವಿದೆ. ರಿಂಗಿನ ಎರಡು ತುದಿಗಳ ನಡುವಿನ ಸಂದಿಗೂ ಇದೇ ನಿಯಮ. 75 ಮಿ.ಮೀ. ವ್ಯಾಸಕ್ಕೆ ಸುಮಾರು 0.3 ಮಿ.ಮೀ. ಸಂದಿ ರೂಢಿಯಲ್ಲಿದೆ, ಟರ್ಬೊ ಅಳವಡಿಸಿದರೆ ಇನ್ನೂ ಹೆಚ್ಚು ಬೇಕು. ಬಿಸಿಗೆ ತುದಿಗಳು ಒಂದಕ್ಕೊಂದು ತಾಗಿದರೆ ರಿಂಗು ಮುರಿದು ಗೋಡೆಯನ್ನು ಗೀರುತ್ತದೆ.

ಟೂ-ಸ್ಟ್ರೋಕ್ ಬ್ಲಾಕಿಗೆ ಮತ್ತೊಂದು ಎಚ್ಚರಿಕೆ ಬೇಕು. ಅದರ ಗೋಡೆಯಲ್ಲಿ ಕಿಟಕಿಗಳಂತೆ ಪೋರ್ಟುಗಳಿರುತ್ತವೆ. ಬೋರಿಂಗ್ ನಂತರ ಅವುಗಳ ಅಂಚು ಕತ್ತಿಯಂತಾಗುತ್ತದೆ. ಅಂಚನ್ನು ಇಳಿಜಾರಾಗಿ ಉಜ್ಜದಿದ್ದರೆ ರಿಂಗು ಅದಕ್ಕೆ ಸಿಕ್ಕಿ ಮುರಿಯುತ್ತದೆ. ಹೊಗೆ ಹೊರಹೋಗುವ ಪೋರ್ಟನ್ನು ಮೇಲಕ್ಕೆ ಏರಿಸಿ ವೇಗ ಹೆಚ್ಚಿಸುವುದು ರೇಸಿಂಗ್‌ನವರ ಹಳೆಯ ತಂತ್ರ. ಹೆಚ್ಚಿನ ಸುತ್ತುಗಳಲ್ಲಿ ಅದು ಶಕ್ತಿ ಕೊಡುತ್ತದೆ ನಿಜ. ಆದರೆ ಊರೊಳಗಿನ ನಿಧಾನ ಓಟದಲ್ಲಿ ಅದೇ ಗಾಡಿ ಎಳೆಯುವ ಬಲ ಕಳೆದುಕೊಳ್ಳುತ್ತದೆ. ಒಮ್ಮೆ ಕೆತ್ತಿದ ಲೋಹವನ್ನು ಮತ್ತೆ ಅಂಟಿಸಲಾಗದು.

ಬೆಂಗಳೂರಿನ ಎತ್ತರ, ಚೆನ್ನೈನ ಗಾಳಿ

ಯಲಹಂಕ ಪ್ರದೇಶ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಹೆಚ್ಚುಕಡಿಮೆ ನೂರಕ್ಕೆ ಎಂಟರಿಂದ ಹತ್ತರಷ್ಟು ತೆಳು. ಇಲ್ಲಿ ಕಾರ್ಬುರೇಟರ್ ಹೊಂದಿಸಿದ ಬೈಕನ್ನು ಚೆನ್ನೈ ಬಳಿಯ ಇರುಂಗಾಟುಕೊಟ್ಟೈ ರೇಸ್ ಟ್ರ್ಯಾಕಿಗೆ ಒಯ್ದರೆ ಅಲ್ಲಿ ಸಿಲಿಂಡರಿಗೆ ಹೆಚ್ಚು ಗಾಳಿ ನುಗ್ಗುತ್ತದೆ. ಪೆಟ್ರೋಲ್ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಮಿಶ್ರಣ ಬಡವಾಗಿ ಪಿಸ್ಟನ್ ಅತಿಯಾಗಿ ಬಿಸಿಯೇರುತ್ತದೆ. ಮೇಲಾಗಿ ಅಲ್ಲಿನ ಸೆಕೆ ಬೇರೆ. ಬೆಂಗಳೂರಿನಲ್ಲಿ ಸರಿಯಾಗಿದ್ದ 0.04 ಮಿ.ಮೀ. ಅಂತರ ಅಲ್ಲಿ ಸಾಲದೇ ಹೋಗಬಹುದು. ಎಲ್ಲಿ, ಹೇಗೆ ಓಡಿಸುತ್ತಾರೆ ಎಂಬುದನ್ನು ಕೇಳದೆ ಬೋರಿಂಗ್ ಅಳತೆ ನಿರ್ಧರಿಸುವುದು ಸರಿಯಲ್ಲ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಸೀಜ್ ಆದಾಗ ಆಗುವುದೇನು? ಪಿಸ್ಟನ್ ನಿಂತರೆ ಕ್ರ್ಯಾಂಕ್ ನಿಲ್ಲುತ್ತದೆ, ಕ್ರ್ಯಾಂಕ್ ನಿಂತರೆ ಗೇರಿನ ಮೂಲಕ ಹಿಂದಿನ ಚಕ್ರವೂ ನಿಲ್ಲುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹಿಂದಿನ ಚಕ್ರ ಏಕಾಏಕಿ ಕಚ್ಚಿಕೊಂಡರೆ ಸವಾರನಿಗೆ ಉಳಿಯುವುದು ಕ್ಷಣಮಾತ್ರ. ಟೂ-ಸ್ಟ್ರೋಕ್ ಓಡಿಸುವ ಅನುಭವಿ ಸವಾರರು ಎಡಗೈಯ ಎರಡು ಬೆರಳನ್ನು ಸದಾ ಕ್ಲಚ್ಚಿನ ಮೇಲಿಟ್ಟಿರುವುದು ಇದೇ ಕಾರಣಕ್ಕೆ.

ಕಾನೂನಿನ ಗೆರೆ

ಸವೆದ ಬ್ಲಾಕಿನ ಜಾಗದಲ್ಲಿ ಅದೇ ಅಳತೆಯದನ್ನು ಹಾಕುವುದು ದುರಸ್ತಿ. ಎಂಜಿನ್ನಿನ ಗಾತ್ರವನ್ನೇ ಹೆಚ್ಚಿಸಿ ರಸ್ತೆಗಿಳಿಸುವುದು ಮಾರ್ಪಾಡು. ವಾಹನದ ನೋಂದಣಿ ಪುಸ್ತಕದಲ್ಲಿ ನಮೂದಾಗಿರುವ ಸಿ.ಸಿ. ಒಂದು, ಎಂಜಿನ್ನಿನಲ್ಲಿರುವುದು ಇನ್ನೊಂದು ಆಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಯನ್ನು ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದು. ಅಪಘಾತ ಸಂಭವಿಸಿದರೆ ವಿಮೆಯ ಹಣಕ್ಕೂ ತಕರಾರು ಬರಬಹುದು.

ವೇಗದ ಆಸೆಗೆ ಬೇರೆ ಜಾಗವಿದೆ. ಭಾರತೀಯ ಮೋಟಾರು ಕ್ರೀಡಾ ಕ್ಲಬ್‌ಗಳ ಒಕ್ಕೂಟದ ಆಶ್ರಯದಲ್ಲಿ ರೇಸು, ರ್‍ಯಾಲಿ ಮತ್ತು ಡ್ರ್ಯಾಗ್ ಸ್ಪರ್ಧೆಗಳು ನಡೆಯುತ್ತವೆ. ಅಲ್ಲಿ ಎಂಜಿನ್ನಿನ ಗಾತ್ರಕ್ಕೆ ತಕ್ಕಂತೆ ವರ್ಗಗಳಿವೆ, ಶಿರಸ್ತ್ರಾಣದಿಂದ ಹಿಡಿದು ಆಂಬುಲೆನ್ಸ್‌ವರೆಗೆ ವ್ಯವಸ್ಥೆಯಿದೆ. ಅಗತ್ಯ ಬಿದ್ದರೆ ಪರಿವೀಕ್ಷಕರು ಗೆದ್ದವರ ಎಂಜಿನ್ ಬಿಚ್ಚಿಸಿ ಬೋರ್ ಅಳೆಯುತ್ತಾರೆ. ರಾತ್ರಿ ವೇಳೆ ಬಳ್ಳಾರಿ ರಸ್ತೆಯಲ್ಲಿ ಪಂದ್ಯ ಕಟ್ಟುವವರಿಗೆ ಈ ಯಾವ ರಕ್ಷಣೆಯೂ ಇಲ್ಲ. ಅವರ ಎದುರು ಬರುವ ಅಮಾಯಕರಿಗಂತೂ ಇಲ್ಲವೇ ಇಲ್ಲ.

ಗಿರಾಕಿ ಕೇಳಬೇಕಾದ ಪ್ರಶ್ನೆಗಳು

ಉತ್ತರ ಬೆಂಗಳೂರಿಗೆ ಸೂಕ್ಷ್ಮ ಅಳತೆಯ ಸಂಸ್ಕೃತಿ ಹೊಸದೇನಲ್ಲ. 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ ಜಾಲಹಳ್ಳಿಯಲ್ಲಿ ದೇಶಕ್ಕೆ ಲೇತ್‌ಗಳನ್ನು ಮಾಡಿಕೊಟ್ಟಿತು. ಯಶವಂತಪುರದ ಬಳಿ ತುಮಕೂರು ರಸ್ತೆಯಲ್ಲಿ 1962ರಿಂದ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ, ಅಂದರೆ ಇಂದಿನ ಸಿಎಂಟಿಐ, ಅಳತೆಯ ಶಾಸ್ತ್ರವನ್ನೇ ಕಸುಬಾಗಿಸಿಕೊಂಡಿದೆ. ಅಟ್ಟೂರಿನ ನೆರೆಯ ಯಲಹಂಕಕ್ಕೆ ದಶಕಗಳ ಹಿಂದೆಯೇ ಗೋಯೆಟ್ಜ್ ಇಂಡಿಯಾದ ಪಿಸ್ಟನ್ ಮತ್ತು ರಿಂಗ್ ಕಾರ್ಖಾನೆ ಬಂತು. ಪೀಣ್ಯದ ಸಣ್ಣಪುಟ್ಟ ಕಾರ್ಖಾನೆಗಳಲ್ಲಿ ನೂರನೇ ಒಂದು ಮಿಲಿಮೀಟರ್ ದಿನನಿತ್ಯದ ಮಾತು. ಇಂಥ ಪರಿಸರದಲ್ಲಿ ಬ್ಲಾಕನ್ನು ಅಂದಾಜಿನ ಮೇಲೆ ಕೂರಿಸುವುದಕ್ಕೆ ನೆಪ ಉಳಿಯುವುದಿಲ್ಲ.

ಬ್ಲಾಕ್ ತೆಗೆದುಕೊಂಡು ಬೋರಿಂಗ್ ಶಾಪಿಗೆ ಹೋಗುವವರು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಪಿಸ್ಟನ್ನನ್ನು ಮೈಕ್ರೋಮೀಟರಿನಿಂದ ಅಳೆದ ಮೇಲೆ ಬೋರ್ ಮಾಡುತ್ತಾರೆಯೇ, ಅಥವಾ ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಯನ್ನೇ ನಂಬುತ್ತಾರೆಯೇ? ರಂಧ್ರವನ್ನು ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ ಮೂರು ಕಡೆ, ಎರಡು ದಿಕ್ಕಿನಲ್ಲಿ ಅಳೆಯುತ್ತಾರೆಯೇ? ಹೋನಿಂಗ್‌ಗೆ ಟಾರ್ಕ್ ಪ್ಲೇಟ್ ಇದೆಯೇ? ಪೋರ್ಟುಗಳ ಅಂಚು ಉಜ್ಜುತ್ತಾರೆಯೇ? ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆಯೇ?

ಕೊನೆಯದಾಗಿ ತೊಳೆಯುವ ಕೆಲಸವನ್ನು ಹಗುರವಾಗಿ ಕಾಣಬಾರದು. ಹೋನಿಂಗ್ ಕಲ್ಲಿನ ಪುಡಿ ಗೀರುಗಳಲ್ಲಿ ಕೂತಿರುತ್ತದೆ. ಪೆಟ್ರೋಲಿನಲ್ಲಿ ಒರೆಸಿದರೆ ಅದು ಪೂರ್ತಿ ಹೋಗದು. ಬಿಸಿ ನೀರು, ಸೋಪು ಮತ್ತು ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ಎಣ್ಣೆ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಬೇಕು. ಬಟ್ಟೆಗೆ ಬೂದು ಬಣ್ಣ ಹತ್ತುತ್ತಿದ್ದರೆ ಮತ್ತೆ ತೊಳೆಯಬೇಕು. ಬಟ್ಟೆ ಬಿಳಿಯಾಗಿಯೇ ಉಳಿದ ಮೇಲಷ್ಟೇ ಆ ಬ್ಲಾಕ್ ಪಿಸ್ಟನ್ನಿಗೆ ಸಿದ್ಧವಾಗಿದೆ ಎನ್ನಬಹುದು.